ಪೋರ್ಟ್ ಕೆಂಬ್ಲಾದ ಫಬಾದ

ಎರ್ಮಿನಿಯಾ ಅಜ್ಜಿಯ ಮುಖ ನೋಡಿ ನಿಜ ಹೇಳುವ ಗಂಡಸು ಸಿಡ್ನಿ ಹತ್ತಿರದ ಪೋರ್ಟ್ ಕೆಂಬ್ಲಾದಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಉಕ್ಕಿನ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಆಡುವ ನಮ್ಮ ಎಸ್ಟ್ರೆಲ್ಯಾ ಫುಟ್‌ಬಾಲ್ ಕ್ಲಬ್ಬಿಗೆ ಪ್ರತಿವರ್ಷ ಸ್ಪೇನಿನಿಂದ ಒಬ್ಬ ಆಟಗಾರ ಬರುತ್ತಾನೆ. ಅವನ ಊಟ, ವಸತಿ ಎಲ್ಲ ಅಜ್ಜಿಯ ಮನೆಯಲ್ಲೇ. ಬಂದ ಮೊದಲ ಭಾನುವಾರ ಅಜ್ಜಿ ಫಬಾದ ಮಾಡುತ್ತಾಳೆ. ಹೆಬ್ಬೆರಳು ಗಾತ್ರದ ಬಿಳಿ ಕಾಳು, ಹಂದಿಯ ಕೊಬ್ಬು, ಹೊಗೆ ಹಿಡಿದ ಸಾಸೇಜು, ಕೆಂಪಗೆ ಎಣ್ಣೆ ತೇಲುವ ಗಟ್ಟಿ ಸಾರು. ತಟ್ಟೆ ಮುಂದಿಟ್ಟು ಎದುರಿಗೇ ಕೂತು ಕೇಳುತ್ತಾಳೆ, "ಊರಲ್ಲಿ ಮಾಡಿದ ಹಾಗೇ ಇದ್ಯೇನಪ್ಪಾ?"

ಹಸಿದ ಹುಡುಗರು, ಪಾಪ, ಏನು ಹೇಳುತ್ತಾರೆ? "ಥೇಟ್ ಊರಿಂದೇ ಅಜ್ಜಿ" ಅನ್ನುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ದಕ್ಷಿಣದವರು. ಅಜ್ಜಿ ಹುಟ್ಟಿ ಬೆಳೆದ, ಉತ್ತರದ ಅಸ್ತೂರಿಯಾಸಿನ ಬೆಟ್ಟಗಳ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಆದರೂ ಅಜ್ಜಿಗೆ ಅಷ್ಟು ಸಾಕಿತ್ತು. ಆ ವಾರ ಪೂರ್ತಿ ಮನೆಯಲ್ಲಿ ಹಾಡಿಕೊಂಡು ಓಡಾಡುತ್ತಿದ್ದಳು.

ಈ ವರ್ಷ ಬಂದವನು ಪೆಲಾಯೋ. ಮೂವತ್ತು ದಾಟಿದ ಡಿಫೆಂಡರ್, ಮಂಡಿಗೆ ಸದಾ ಪಟ್ಟಿ, ಮಾತು ಕಡಿಮೆ. ಇವನ ಆಟವೇ ಒಂದು ತಲೆನೋವು. ಡಿಫೆಂಡರ್ ಅಂದಮೇಲೆ ಗೋಲಿನ ಹತ್ತಿರ ಚೆಂಡು ಬಂದರೆ ಏನು ಮಾಡಬೇಕು? ಕಣ್ಣು ಮುಚ್ಚಿ ಒದೆಯಬೇಕು. ಅಜ್ಜಿಯ ಗಂಡ ಅವೆಲಿನೋ ಇದೇ ಜಾಗದಲ್ಲಿ ಆಡಿದವನು. ಅವನು ಒದ್ದ ಚೆಂಡು ಕಾರ್ಖಾನೆಯ ಬೇಲಿ ದಾಟಿ ಹೋಗುತ್ತಿತ್ತು ಎಂದು ಮುದುಕರು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಪೆಲಾಯೋ ಹಾಗಲ್ಲ. ಎದುರಾಳಿ ಮೈಮೇಲೆ ಬೀಳುತ್ತಿದ್ದರೂ ಚೆಂಡನ್ನು ಕಾಲಡಿ ಇಟ್ಟುಕೊಂಡು ತಲೆಯೆತ್ತಿ ನೋಡುತ್ತಾನೆ, ಯಾರಿಗೆ ಕೊಡಲಿ ಎಂದು ಯೋಚಿಸುತ್ತಾನೆ! ಅಷ್ಟರಲ್ಲಿ ಬೆಂಚಿನ ಮೇಲಿನ ಮುದುಕರ ಜೀವ ಬಾಯಿಗೆ ಬಂದಿರುತ್ತದೆ. "ಒದಿಯೋ! ಸಮುದ್ರಕ್ಕೆ ಒದಿಯೋ, ಪುಣ್ಯಾತ್ಮ!" ಎಂದು ಅರಚುತ್ತಾರೆ. ಅವನಿಗೆ ಕಿವಿಯೇ ಇಲ್ಲ.

ಆದರೆ ಅಜ್ಜಿ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಳು. ಕಾರಣವಿತ್ತು. ಪೆಲಾಯೋ ಅವಳದೇ ಕಣಿವೆಯವನು, ಹೊಳೆಯಾಚೆಯ ಪಕ್ಕದ ಹಳ್ಳಿ. ಅವನ ಮುತ್ತಜ್ಜಿ ಕತ್ತೆಯ ಮೇಲೆ ಹಾಲು ಹೇರಿಕೊಂಡು ಬರುತ್ತಿದ್ದುದು ಅಜ್ಜಿಗೆ ನೆನಪಿತ್ತು. ಅದಕ್ಕೇ ಇರಬೇಕು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳು ಇವನಿಗೆ ಮಾತ್ರ ಕೇಳಿರಲಿಲ್ಲ. ದಕ್ಷಿಣದ ಹುಡುಗರ ನಾಲಗೆ ಬೇರೆ, ಇವನ ನಾಲಗೆ ಬೇರೆ. ಕೇಳಲು ಅವಳಿಗೆ ಹೆದರಿಕೆ.

ಆದರೆ ಈಗ ಕೇಳದೆ ಗತಿಯಿರಲಿಲ್ಲ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಮನೆಗೆಲಸಕ್ಕೆಂದು ಮದುವೆಯಾಗದ ಹುಡುಗಿಯರನ್ನು ತುಂಬಿಕೊಂಡು ಬಂದ ವಿಮಾನದಲ್ಲಿ ಇಲ್ಲಿ ಬಂದಿಳಿದವಳು ಅಜ್ಜಿ. ಒಮ್ಮೆಯೂ ತಿರುಗಿ ಹೋಗಿರಲಿಲ್ಲ. ಮೊದಲು ದುಡ್ಡಿರಲಿಲ್ಲ, ಆಮೇಲೆ ಮಕ್ಕಳು, ಆಮೇಲೆ ಅವೆಲಿನೋನ ಕಾಯಿಲೆ, ಆಮೇಲೆ ಸುಮ್ಮನೆ ಮುಂದಿನ ವರ್ಷ, ಮುಂದಿನ ವರ್ಷ. ಈಗ ಎಂಬತ್ತರ ಹೊಸ್ತಿಲಲ್ಲಿ ಕೊನೆಗೂ ಟಿಕೆಟ್ ತೆಗೆದಿದ್ದಳು. ಸೀಸನ್ ಮುಗಿದು ಪೆಲಾಯೋ ಊರಿಗೆ ಹೊರಡುವಾಗ ಅದೇ ವಿಮಾನದಲ್ಲಿ ಅವಳೂ. ಅಲ್ಲಿ ಉಳಿದಿರುವ ಒಬ್ಬಳೇ ತಂಗಿ ಒಲೀವಾ ಫೋನಿನಲ್ಲಿ ಕುಣಿದಾಡಿದ್ದಳು: "ಅಕ್ಕಾ, ನೆಂಟರನ್ನೆಲ್ಲ ಕರೀತೀನಿ. ಆದ್ರೆ ಅಡುಗೆ ನಿಂದೇ. ಅಮ್ಮನ ಕೈರುಚಿ ಬಂದಿರೋದು ನಿಂಗೊಬ್ಳಿಗೇ ಅಂತ ಊರಿಗೆಲ್ಲ ಹೇಳಿಟ್ಟಿದೀನಿ."



ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಅಸುಂತಾಳೂ ಊಟಕ್ಕೆ ಬಂದಿದ್ದಳು. ಅಸುಂತಾ ಇಟಲಿಯವಳು, ಇಬ್ಬರೂ ಹರೆಯದಿಂದ ಬೇಲಿಯ ಮೇಲೆ ಪಾತ್ರೆ ದಾಟಿಸಿಕೊಂಡು ಬದುಕಿದವರು. ಪೆಲಾಯೋ ಎರಡನೆಯ ಸಲ ಬಡಿಸಿಕೊಂಡು ತಲೆ ಬಗ್ಗಿಸಿ ತಿನ್ನುತ್ತಿದ್ದ.

"ಲೋ ಪೆಲಾಯೋ," ಅಂದಳು ಅಜ್ಜಿ. "ನಿಜ ಹೇಳ್ಬೇಕು. ನನ್ನ ಮೇಲಾಣೆ. ಇದು ನಮ್ಮ ಕಡೆ ಫಬಾದದ ಹಾಗೇ ಇದ್ಯಾ?"

ಪೆಲಾಯೋ ಚಮಚ ಕೆಳಗಿಟ್ಟ. ತಲೆಯೆತ್ತಿ ನೋಡಿದ, ಮೈದಾನದಲ್ಲಿ ನೋಡುವ ಹಾಗೆಯೇ.

"ಇಲ್ಲ ಅಜ್ಜಿ."

"ಏನು ಇಲ್ಲ? ಉಪ್ಪಾ?"

"ಇದು ಫಬಾದಾನೇ ಅಲ್ಲ." ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಕಾಳು ನಮ್ದಲ್ಲ, ಇದು ಗ್ರೀಕರ ಅಂಗಡಿದು. ಸಾಸೇಜಲ್ಲಿ ಸೋಂಪು ಇದೆ. ಹೊಗೆ ವಾಸನೆ ಪೋಲೆಂಡಿನವರದು. ಯಾವ್ದೋ ಸೊಪ್ಪು ಬೇರೆ ಹಾಕಿದೀಯ. ಕುದಿ ಬಂದಾಗ ತಣ್ಣೀರು ಹಾಕಿ ಕಾಳನ್ನ ಬೆದರಿಸ್ತೀಯಲ್ಲ, ಅದೊಂದು ಮಾತ್ರ ನಮ್ಮಮ್ಮ ಮಾಡೋ ಹಾಗೇ. ಮಿಕ್ಕಿದ್ದೆಲ್ಲ ಬೇರೆ. ಆದ್ರೆ ಅಜ್ಜಿ..."

"ಏಳು ಮೇಲೆ," ಅಂದಳು ಅಜ್ಜಿ.

"ಚೆನ್ನಾಗಿಲ್ಲ ಅಂದ್ನಾ ನಾನು?"

"ಏಳೋ ಅಂದೆ!" ಅವನ ಮುಂದಿನ ತಟ್ಟೆ ಕಿತ್ತುಕೊಂಡು ಹೋಗಿ ಪಾತ್ರೆಗೆ ಸುರಿದೇಬಿಟ್ಟಳು.

ಅಸುಂತಾ ಕಿಸಕ್ಕನೆ ನಕ್ಕಳು. "ಸೋಂಪಿನ ಸಾಸೇಜು ನಂದೇ ಕಣಪ್ಪ. ಆಗಿನ ಕಾಲದಿಂದ ನಾನೇ ಕೊಡ್ತಿರೋದು. ಇಷ್ಟು ವರ್ಷ ಇವಳು ಇಟಲಿ ಅಡುಗೆ ಮಾಡ್ಕೊಂಡು ಸ್ಪೇನ್ ಅಂತ ಮೆರೀತಿದ್ಲು ಅನ್ನು!"

"ನೀನೂ ಏಳು," ಅಂದಳು ಅಜ್ಜಿ.

ಅವರಿಬ್ಬರೂ ಹೋದ ಮೇಲೆ ಪಾತ್ರೆಯ ಮುಂದೆ ನಿಂತು ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ಸೋಂಪು. ಹೌದಲ್ಲ! ಇಷ್ಟು ವರ್ಷ ಅದು ಅವಳ ನಾಲಗೆಗೆ ಕಾಣಿಸಿಯೇ ಇರಲಿಲ್ಲ.

ಹೇಗೆ ಕಾಣಿಸೀತು? ಒಂದೊಂದಾಗಿ ಒಳಗೆ ಬಂದಿದ್ದವು. ಅಮ್ಮ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ ಕಾಳು, ಸಾಸೇಜುಗಳನ್ನು ಸಿಡ್ನಿಯಲ್ಲಿ ಇಳಿದ ಕೂಡಲೇ ಅಧಿಕಾರಿಯೊಬ್ಬ ಮೂಗು ಹಿಡಿದುಕೊಂಡು ಕಿತ್ತೆಸೆದಿದ್ದ. ಇಪ್ಪತ್ತೊಂದರ ಹುಡುಗಿ ಅವನ ಕಾಲಿಗೆ ಬೀಳುವುದೊಂದು ಬಾಕಿ. ಆಮೇಲೆ ಬಾಡಿಗೆ ಕೋಣೆಗಳ ಸಾಲಿನಲ್ಲಿ ಪೋಲೆಂಡಿನ ಬ್ರೋನ್ಯಾ, "ಅಳ್ಬೇಡ ಹುಡುಗಿ, ಇದನ್ನ ಹಾಕಿ ನೋಡು" ಎಂದು ತನ್ನ ಹೊಗೆಸಾಸೇಜು ಕೊಟ್ಟಿದ್ದಳು. ಮದುವೆಯಾದ ವರ್ಷ ಅವೆಲಿನೋ ಊರಿನ ಪದ್ಧತಿ ಬಿಡುವುದಿಲ್ಲವೆಂದು ಹಟ ಹಿಡಿದು, ಸಂತ ಮಾರ್ಟಿನನ ಹಬ್ಬಕ್ಕೆ ಸರಿಯಾಗಿ ನವೆಂಬರಿನಲ್ಲಿ ಹಂದಿ ಕಡಿದ. ಊರಲ್ಲಿ ನವೆಂಬರ್ ಅಂದರೆ ಹಿಮ ಬೀಳುವ ಕಾಲ; ಇಲ್ಲಿ ಬೇಸಿಗೆ ಸುಡಲು ಶುರುವಾಗುವ ಕಾಲ. ಹಿತ್ತಲಲ್ಲಿ ನೇತುಹಾಕಿದ ಸಾಸೇಜುಗಳೆಲ್ಲ ವಾರದೊಳಗೆ ನೊಣ ಮುತ್ತಿ ನಾರಿದವು. ಬೀದಿಯವರೆಲ್ಲ ಬಂದು ಬೈದು ಹೋದರು. ಆಗಲೇ ಅಸುಂತಾ ಬೇಲಿಯ ಮೇಲಿಂದ ತನ್ನದನ್ನು ದಾಟಿಸಿದ್ದು. ಆ ದಿನಗಳು ಎಷ್ಟು ಬಡವಾಗಿದ್ದವು, ಎಷ್ಟು ನಗು ಇತ್ತು! ಬ್ರೋನ್ಯಾ ಈಗಿಲ್ಲ. ಅವೆಲಿನೋ ಇಲ್ಲ. ನೆನೆದು ಅಜ್ಜಿಗೆ ಕಣ್ಣು ತುಂಬಿತು, ಆದರೂ ಸಿಟ್ಟು ಇಳಿಯಲಿಲ್ಲ.

ಮರುದಿನ ಬೇಲಿಯ ಹತ್ತಿರ ಅಸುಂತಾಳಿಗೆ ಹೇಳಿದಳು, "ಟಿಕೆಟ್ ವಾಪಸ್ ಮಾಡ್ತೀನಿ. ನಾ ಹೋಗಲ್ಲ."

"ಅಯ್ಯೋ ಇವಳಾ! ಒಂದು ಸಾಸೇಜಿಗೆ ಇಷ್ಟೊಂದಾ?"

"ಸಾಸೇಜಲ್ಲ ಕಣೇ. ಅಮ್ಮ ಸತ್ತಾಗ ನಾ ಹೋಗ್ಲಿಲ್ಲ. ಮಣ್ಣಿಗೂ ಹೋಗ್ಲಿಲ್ಲ. ಏನೂ ಮಾಡ್ದಿದ್ರೂ ಅವಳ ಕೈರುಚಿನಾದ್ರೂ ಉಳಿಸ್ಕೊಂಡಿದೀನಿ ಅಂತ ಸಮಾಧಾನ ಇತ್ತು. ಅದೂ ಇಲ್ಲ ಅಂದ್ಮೇಲೆ ಯಾವ ಮುಖ ಹೊತ್ಕೊಂಡು ಅವಳ ಮನೆ ಬಾಗಿಲು ತುಳೀಲಿ?"



ಆ ವಾರವೆಲ್ಲ ಪೆಲಾಯೋನಿಗೆ ಬರೀ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವನು ಗೊಣಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಎಂಥ ಹುಂಬ! ಒಂದು "ತಪ್ಪಾಯ್ತು ಅಜ್ಜಿ" ಅಂದಿದ್ದರೆ ಮಾಂಸವಾದರೂ ಸಿಗುತ್ತಿತ್ತು.

ಭಾನುವಾರ ತವರು ಮೈದಾನದ ಕೊನೆಯ ಪಂದ್ಯ. ಸೋತರೆ ಎಸ್ಟ್ರೆಲ್ಯಾ ಕೆಳಗಿನ ದರ್ಜೆಗೆ ಇಳಿಯುತ್ತದೆ, ಡ್ರಾ ಆದರೆ ಬಚಾವ್. ಅಜ್ಜಿ ಎಂದಿನಂತೆ ಕ್ಲಬ್ಬಿನ ಅಡುಗೆಕೋಣೆಯ ಕಿಟಕಿಯಲ್ಲಿ ಬನ್ನು, ಕಾಫಿ ಮಾರುತ್ತ ನಿಂತಿದ್ದಳು. ನಮ್ಮವರೇ ಮೊದಲು ಗೋಲು ಹೊಡೆದರು. ಮುದುಕರು ಕುಣಿದದ್ದೇ ಕುಣಿದದ್ದು. ದ್ವಿತೀಯಾರ್ಧದಲ್ಲಿ ಚೆಂಡು ಪೆಲಾಯೋನ ಕಾಲಿಗೆ ಬಂತು, ನಮ್ಮ ಗೋಲಿನ ಬಾಯಲ್ಲೇ. ಅವನು ನಿಲ್ಲಿಸಿದ, ತಲೆಯೆತ್ತಿದ. ಅಷ್ಟೇ. ಆ ಕಡೆಯ ಚಿಗುರುಮೀಸೆಯ ಹುಡುಗ ನುಗ್ಗಿ ಬಂದು ಚೆಂಡು ಕಸಿದು ಗೋಲಿಗೆ ತಳ್ಳಿಬಿಟ್ಟ.

ಅಬ್ಬಾ, ಆ ಬೈಗುಳ! ಮುದುಕರು ಅವನ ವಂಶವನ್ನೆಲ್ಲ ಜಾಲಾಡಿದರು. ಕೋಚ್ ರಿಸ್ಟೋ ಟೋಪಿ ತೆಗೆದು ನೆಲಕ್ಕೆ ಬಡಿದು ಕಿರುಚಿದ, "ಇನ್ನೊಂದ್ಸಲ ಹಂಗೆ ಮಾಡು, ಎಳ್ಕೊಂಡು ಹೊರಗೆ ಹಾಕ್ತೀನಿ!" ಅಜ್ಜಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ. ಆಯಿತಾ ಮಗನೇ, ಈಗ ನಿನಗೂ ಗೊತ್ತಾಯಿತಾ ಎಲ್ಲರೆದುರು ತಲೆ ತಗ್ಗಿಸುವುದು ಅಂದರೇನು?

ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡು ಮತ್ತೆ ಅವನಿಗೇ ಬಂತು, ಮತ್ತೆ ಅಲ್ಲೇ, ಅದೇ ಹುಡುಗ ಅದೇ ಹಾಗೆ ನುಗ್ಗುತ್ತಿದ್ದಾನೆ. ಇಡೀ ಮೈದಾನ ಒಂದೇ ಗಂಟಲಲ್ಲಿ ಅರಚಿತು, "ಒದಿಯೋ!" ಅಜ್ಜಿಯೂ ಅರಚಿದಳು, ಕೈಯಲ್ಲಿದ್ದ ಕಾಫಿ ಚೆಲ್ಲಿತು. ಪೆಲಾಯೋ ಒದೆಯಲಿಲ್ಲ. ಚೆಂಡು ನಿಲ್ಲಿಸಿದ, ತಲೆಯೆತ್ತಿದ, ಹುಡುಗನನ್ನು ಹತ್ತಿರ ಬರಗೊಟ್ಟು ಒಂದಿಷ್ಟು ಪಕ್ಕಕ್ಕೆ ಸರಿದು, ನಡುವಿನ ಸಂದಿಯಲ್ಲಿ ನಮ್ಮವನೊಬ್ಬನ ಕಾಲಿಗೆ ಮೆತ್ತಗೆ ದಾಟಿಸಿದ. ಅದರಿಂದ ಗೋಲೇನೂ ಆಗಲಿಲ್ಲ. ಚೆಂಡು ನಮ್ಮವರ ಹತ್ತಿರವೇ ಉಳಿಯಿತು, ಪಂದ್ಯ ಡ್ರಾ ಆಯಿತು, ಕ್ಲಬ್ಬು ಉಳಿಯಿತು. ಬೈದ ಮುದುಕರೇ ಅವನ ಬೆನ್ನು ತಟ್ಟಿದರು, ನಾಚಿಕೆಯಿಲ್ಲದವರು.

ಕೆಸರು ಮೆತ್ತಿದ ಕಾಲಲ್ಲೇ ಅವನು ಕಿಟಕಿಯ ಹತ್ತಿರ ಬಂದ. ಅಜ್ಜಿಗೆ ತಡೆಯಲಾಗಲಿಲ್ಲ.

"ಮಾನ ಹೋದ ಜಾಗದಲ್ಲೇ ನಿಂತು ಮತ್ತೆ ಅದನ್ನೇ ಮಾಡ್ತೀಯಲ್ಲೋ, ಹೆದರಿಕೆ ಆಗ್ಲಿಲ್ವಾ?"

"ಆಯ್ತು ಅಜ್ಜಿ, ಆಗದೆ ಇರುತ್ತಾ?"

"ಮತ್ತೆ ಒದ್ದು ಸಾಯೋದಲ್ವಾ?"

"ಒದ್ರೆ ಹೆದರಿಕೆ ಹೋಗುತ್ತೆ, ಬಾಲೂ ಹೋಗುತ್ತೆ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಟಿಕೆಟ್ ವಾಪಸ್ ಮಾಡ್ತೀಯಂತೆ. ಅಸುಂತಾ ಅಜ್ಜಿ ಹೇಳಿದ್ರು."

"ನಿನ್ನ ಬಾಯಿಂದ್ಲೇ ಆಗಿದ್ದು."

"ತಂಗೀನ ಕೇಳ್ಬಾರ್ದಾ? ನಿಮ್ಮಮ್ಮ ಹೇಗೆ ಮಾಡ್ತಿದ್ರು ಅಂತ ಅವರಿಗೆ ಗೊತ್ತಿರುತ್ತಲ್ಲ. ಇನ್ನೂ ದಿನ ಇದೆ, ಮಾಡಿ ಮಾಡಿ ನೋಡು. ತಿನ್ನೋಕೆ ನಾನಿದೀನಿ."

ಅಕ್ಕನಾದವಳು ತಂಗಿಯನ್ನು ಕೇಳುವುದೇ? ಇಷ್ಟು ವರ್ಷ ಬಾಯಿ ಬಿಡದಿದ್ದದ್ದು ಆ ಒಂದು ಬಿಗುಮಾನಕ್ಕೇ. ಆದರೆ ಪೆಲಾಯೋ ಆಗಲೇ ಅಜ್ಜಿಯ ಫೋನು ಎತ್ತಿಕೊಂಡು ತಂಗಿಯ ನಂಬರು ಒತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ಅಕ್ಕಾ? ಏನಾಯ್ತು? ಹುಷಾರಾಗಿದೀಯಾ?" ಒಲೀವಾಳ ದನಿ ಗಟ್ಟಿಯಾಗಿ ಕೇಳಿತು.

"ಹುಷಾರಾಗಿದೀನಿ. ಒಂದ್ಮಾತು ಕೇಳ್ಬೇಕಿತ್ತು." ಅಜ್ಜಿ ಫೋನಿನ ಮೇಲೆ ಬಾಗಿದಳು. "ಅಮ್ಮ ಫಬಾದಕ್ಕೆ ಏನೇನು ಹಾಕ್ತಿದ್ಲೇ?"



"ನನ್ನ ಕೇಳ್ತೀಯಾ?" ಅಂದಳು ಒಲೀವಾ. "ನೀ ಹೋದಾಗ ನಂಗೆ ಒಂಬತ್ತು ವರ್ಷ ಅಕ್ಕಾ. ಆಮೇಲೆ ಅಮ್ಮ ಅದನ್ನ ಮಾಡ್ಲೇ ಇಲ್ಲ. ದೊಡ್ಡವಳು ಬರ್ಲಿ, ಬಂದ್ಮೇಲೆ ಮಾಡೋಣ ಅಂತಿದ್ಲು. ಪ್ರತಿ ಚಳಿಗಾಲಾನೂ ಹಾಗೇ ಅಂದ್ಲು. ಆಮೇಲೆ ಹಾಸಿಗೆ ಹಿಡಿದ್ಲು."

ಅಜ್ಜಿ ಕಿಟಕಿಯ ಕಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

"ಮತ್ತೆ ನೀನು ಭಾನುವಾರ ಭಾನುವಾರ ಫಬಾದ ಮಾಡ್ತೀನಿ ಅಂತ ಫೋನಲ್ಲಿ ಹೇಳ್ತಿದ್ದೆ?"

"ಡಬ್ಬಿದು ಅಕ್ಕಾ. ಅಂಗಡಿ ಡಬ್ಬಿ ತಂದು ಬಿಸಿ ಮಾಡ್ತೀನಿ. ನಿನ್ನ ಹತ್ರ ಹೇಳೋಕೆ ನಾಚ್ಕೆ. ನಂಗೆ ಅಮ್ಮನ ರುಚಿ ನೆನಪೇ ಇಲ್ಲ. ನೀ ಬಂದು ಮಾಡ್ತೀಯ, ಸಾಯೋದ್ರೊಳಗೆ ಒಂದ್ಸಲ ತಿಂತೀನಿ ಅಂತ ಕಾಯ್ತಿದೀನಿ."

ಅಜ್ಜಿ ಪೆಲಾಯೋನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಈಗ ಒಂದು ಸುಳ್ಳು ಸಾಕಾಗಿತ್ತು. ಅವಳು ಕಣ್ಣು ಮುಚ್ಚಿದಳು, ತೆರೆದಳು.

"ಒಲೀವಾ, ನಂಗೂ ಬರಲ್ಲ ಕಣೇ," ಅಂದಳು. "ನಾ ಮಾಡೋದು ಅಮ್ಮನದಲ್ಲ. ಅರ್ಧ ಇಟಲಿ, ಅರ್ಧ ಪೋಲೆಂಡ್. ಅಮ್ಮನದು ನನ್ನ ಹತ್ರಾನೂ ಇಲ್ಲ. ಕಳ್ಕೊಂಡ್ಬಿಟ್ಟೆ ಕಣೇ, ನಂಗೆ ಗೊತ್ತೂ ಆಗ್ಲಿಲ್ಲ."

ಇಬ್ಬರೂ ಅತ್ತರು, ಭೂಮಿಯ ಎರಡು ತುದಿಯಲ್ಲಿ ನಿಂತು. ಪೆಲಾಯೋ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಒಲೀವಾಳೇ ಮೊದಲು ಮೂಗು ಸೀನಿಕೊಂಡಳು. "ಬಾ ಅಕ್ಕಾ. ನೀ ಏನು ಮಾಡಿ ಹಾಕಿದ್ರೂ ಅಮ್ಮನದೇ ಅಂತ ತಿಂತೀನಿ. ಅಲ್ಲ ಅನ್ನೋಕೆ ಇಲ್ಲಿ ಯಾರು ಉಳಿದಿದಾರೆ?"

"ಒಬ್ಬ ಇದಾನೆ," ಅಂದಳು ಅಜ್ಜಿ ಕಣ್ಣೊರೆಸಿಕೊಳ್ಳುತ್ತ. "ಪಕ್ಕದ ಸೀಟಲ್ಲೇ ಕೂತು ಬರ್ತಾನೆ, ಮುಲಾಜಿಲ್ಲದವನು."

"ಬರ್ಲಿ, ಅವನಿಗೂ ಬಡಿಸೋಣ. ನೀ ಬರ್ತೀಯಾ ತಾನೆ? ಅಮ್ಮನಿಗೂ ಹೀಗೇ ಬರ್ತೀನಿ, ಬರ್ತೀನಿ ಅಂತಿದ್ದೆ."

"ಗೊತ್ತು ಕಣೇ," ಅಂದಳು ಅಜ್ಜಿ. "ಈ ಸಲ ಬರ್ತೀನಿ."