ರೋಗ ಬರದವರ ಲೆಕ್ಕ

ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಯೋಗಿರಾಜನ ಹೆಂಡತಿ ದೀಪಾಲಿಗೆ ಒಂದೇ ಭಯ. ಆಕೆಯ ತಾಯಿ ಸಾವಿತ್ರಿಬಾಯಿಗೆ ಅರವತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಬಂದು ವಾಸಿಯಾಗಿತ್ತು. ತಾಯಿಯ ಅಕ್ಕ ಮುಪ್ಪಿನಲ್ಲಿ ಅದರಿಂದಲೇ ತೀರಿಕೊಂಡಿದ್ದಳು. 'ಇನ್ನ ನನ್ನ ಪಾಳಿ' ಎಂದು ದೀಪಾಲಿ ನಂಬಿಬಿಟ್ಟಿದ್ದಳು. ಕೊನೆಗೆ ಗಂಡನೇ ಆಕೆಯನ್ನು ವಂಶದ ರೋಗಗಳ ಬಗ್ಗೆ ಸಲಹೆ ಕೊಡುವ ಡಾಕ್ಟರ್ ಶ್ರದ್ಧಾಳ ಬಳಿಗೆ ಕರೆದೊಯ್ದ.

ಎಲ್ಲವನ್ನೂ ಕೇಳಿಕೊಂಡ ಶ್ರದ್ಧಾ, "ಬ್ಯಾನಿ ಯಾರಿಗಿ ಬಂತು ಅಂತ ಹೇಳಿದ್ರಿ. ಯಾರಿಗಿ ಬರಲಿಲ್ರಿ?" ಎಂದಳು.

ದೀಪಾಲಿ ತಬ್ಬಿಬ್ಬಾದಳು. "ಬರದವರ ಸುದ್ದಿ ಯಾಕ್ರಿ?"

"ಬಂದವರನ್ನಷ್ಟ ಎಣಿಸಿದ್ರ ಲೆಕ್ಕ ತಪ್ಪತೈತ್ರಿ. ಬ್ಯಾನಿ ಇಲ್ದ ಮುಪ್ಪಾದವ್ರು ಮನಿತನದಾಗ ಎಷ್ಟು ಜಾಸ್ತಿಯೋ, ವಂಶದಾಗ ದೋಷ ಇರೋ ಸಂಭವ ಅಷ್ಟು ಕಡಿಮಿ. ಅವರ ವಯಸ್ಸು ಕೇಳ್ಕೊಂಡು ಬರ್ರಿ."

ಆ ಭಾನುವಾರ ದೀಪಾಲಿ ತಾಯಿಯೊಂದಿಗೆ ಅಕ್ಕಲಕೋಟದ ಬಸ್ಸು ಹತ್ತಿ, ಹತ್ತಿರದ ಹಳ್ಳಿಯಲ್ಲಿದ್ದ ತಾಯಿಯ ತವರಿಗೆ ಹೋದಳು. ಸಾವಿತ್ರಿಬಾಯಿಯ ತಂಗಿಯರು, ಚಿಕ್ಕಮ್ಮಂದಿರು ಪಡಸಾಲೆ ತುಂಬಿದರು. ಆದರೆ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿಲ್ಲ.

"ಎಪ್ಪತ್ತೆರಡರ ಬರದಾಗ ನನ್ನ ಲಗ್ನ ಆತು. ಆವಾಗ ನಾ ಸಣ್ಣಾಕಿ," ಎಂದಳು ಸಾವಿತ್ರಿಬಾಯಿಯ ಚಿಕ್ಕಮ್ಮ, ದೀಪಾಲಿಗೆ ಅಜ್ಜಿಯಾಗುವ ಗುರುಬಾಯಿ.

ಅವಳ ಅಕ್ಕ ಮುಕ್ತಾಬಾಯಿ ಬಿಡಲಿಲ್ಲ. "ಏನ್ ಸಣ್ಣಾಕಿ! ನಲವತ್ತೆಂಟರ ರಜಾಕಾರರ ಗದ್ದಲದಾಗ ನಿನ್ನ ಸೊಂಟದ ಮ್ಯಾಲ ಹೊತ್ಕೊಂಡು ಓಡೀನಿ ನಾ!"

ಪಡಸಾಲೆಯೆಲ್ಲ ನಕ್ಕಿತು. ಜಗಳ, ನಗೆ, ರೊಟ್ಟಿ, ಶೇಂಗಾ ಹಿಂಡಿಯ ನಡುವೆ ಒಬ್ಬೊಬ್ಬರ ವಯಸ್ಸೂ ಹೊರಬಿತ್ತು. ಎಂಬತ್ತರ ಆಚೀಚೆಯವರೇ ಹೆಚ್ಚು. ಸಾವಿತ್ರಿಬಾಯಿಯನ್ನು ಬಿಟ್ಟು ಅಲ್ಲಿದ್ದ ಯಾರಿಗೂ ಆ ರೋಗ ಬಂದಿರಲಿಲ್ಲ. ಕಾಯಿಲೆಯಾದಾಗಿನಿಂದ ಮಂಕಾಗಿದ್ದ ಸಾವಿತ್ರಿಬಾಯಿ ಅಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ದೀಪಾಲಿ ತಂದ ವಿವರಗಳನ್ನೆಲ್ಲ ಸೇರಿಸಿ ಶ್ರದ್ಧಾ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಳು. "ಇದು ವಂಶದ ಬ್ಯಾನಿ ಆಗಿರೋ ಸಂಭವ ಭಾಳ ಕಡಿಮಿ ಐತ್ರಿ. ಬ್ಯಾರೆ ಹೆಣ್ಮಕ್ಕಳಕಿಂತ ನಿಮಗ ಬ್ಯಾನಿ ಬರೋ ಸಂಭವ ಜರಾ ಜಾಸ್ತಿ, ಅಷ್ಟ. ಬರೂದ ಇಲ್ಲ ಅಂತ ಮಾತು ಕೊಡಾಕ ಆಗಂಗಿಲ್ಲ. ನಲವತ್ತಾದ ಮ್ಯಾಲ ವರ್ಷಕ್ಕೊಮ್ಮಿ ತಪಾಸಣಿ ಮಾಡಸ್ರಿ. ಅಲ್ಲೀತನಕ ಆರಾಮ ಇರ್ರಿ."

ದೀಪಾಲಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಳಿತು ಹಳ್ಳಿಗೆ ಫೋನು ಮಾಡಿದಳು. ಸುದ್ದಿ ಕೇಳಿದ ಗುರುಬಾಯಿ ತಿರುಗಿ ಕೇಳಿದಳು.

"ಅಂದ್ರ, ನಾವು ಇಷ್ಟು ದಿನ ಬದುಕಿದ್ದು ನಿನಗ ಉಪಯೋಗಕ್ಕ ಬಂತೇನವ್ವ?"

"ಭಾಳ ಉಪಯೋಗ ಆತು, ಆಯಿ."

"ಹಂಗಾದ್ರ ಇನ್ನೊಂದಿಷ್ಟು ವರ್ಷ ಬದುಕತೀವಿ, ತಗೋ!"