ಎಕ್ಸ್‌ರೇಯ ಅಂಚಿನಲ್ಲಿ ನಾಲ್ಕು ಬೆರಳು

ನೀಲಾ ಮೂರನೆಯ ಲೋಟಕ್ಕೂ ಚಹಾ ಸೋಸಿದಳು. ಗಮನಕ್ಕೆ ಬಂದ ಮೇಲೆ ಅದನ್ನು ಮತ್ತೆ ಪಾತ್ರೆಗೆ ಸುರಿದಳು. ತೀರಿಕೊಂಡ ಗಂಡ ಬಾಳೇಶನ ದಿನಕರ್ಮ ಮುಗಿಸಿ ರಾಮದುರ್ಗದ ನೆಂಟರು ನಿನ್ನೆ ಸಂಜೆಯೇ ಬಸ್ಸು ಹತ್ತಿದ್ದರು.

ಅತ್ತೆ ಬೀರವ್ವ ಗೋಡೆ ಹಿಡಿದು ಏಳುತ್ತಿದ್ದಳು. ಬಾಗಿಲ ಹಿಂದೆ ಕೋಲಿತ್ತು. ತಾಯಿಗೆಂದು ಬಾಳೇಶ ಪಕ್ಕದ ಮನೆಯ ಲಗಮಪ್ಪನಿಂದ ಕೇಳಿ ತಂದದ್ದು. ಆಕೆ ಮುಟ್ಟಿರಲಿಲ್ಲ. ಮಗನ ಹೆಗಲಿತ್ತು.

"ಇವತ್ತ ಬೈಲಹೊಂಗಲಕ್ಕ ಹೋಗೂದೈತ್ರಿ ಅತ್ತಿ. ಅವರು ಹೋಗೂ ಮೊದಲ ದವಾಖಾನ್ಯಾಗ ಪಾಳಿ ಹಚ್ಚಿಟ್ಟಾರ."

"ಇನ್ನ ಹದಿನೈದ ದಿನಾ ಆಗಿಲ್ಲ. ಜನಾ ಏನಂದಾರು?"

"ಜನರ ಮೊಣಕಾಲ ನೋಯೂದಿಲ್ರಿ."

ಆಸ್ಪತ್ರೆಯಲ್ಲಿ ಡಾಕ್ಟರ್ ಅಜಿತ, ಹಿಂದಿನ ತಿಂಗಳು ಬಾಳೇಶ ತೆಗೆಸಿದ್ದ ಎಕ್ಸ್‌ರೇಯನ್ನು ಪರದೆಗೆ ತಂದರು. ಕಂಪ್ಯೂಟರಿನ ಎಐ ಮೊಣಕಾಲಿನ ಎಲುಬುಗಳ ನಡುವೆ ಹಸಿರು ಗೆರೆ ಎಳೆದು ಅಂತರ ಅಳೆಯಿತು.

"ಸಂದಿ ಇನ್ನ ಚೊಲೋ ಐತಿ ಅನ್ನಾಕತ್ತೈತ್ರಿ. ಈಗ ಆಪರೇಷನ್ ಬ್ಯಾಡ. ಗುಳಿಗಿ ಬರದ ಕೊಡತೇನಿ."

"ಬಚ್ಚಲಕ್ಕ ಹೋಗಬೇಕಾದ್ರ ತೆವಳತಾರ್ರಿ," ಎಂದಳು ನೀಲಾ.

ಡಾಕ್ಟರ್ ಬೀರವ್ವನನ್ನು ನೋಡಿದರು. ಮತ್ತೆ ಪರದೆಯನ್ನು ನೋಡಿದರು. ಮೇಲಂಚಿನಲ್ಲಿ, ತೊಡೆಯ ಎಲುಬಿಗೆ ಅಡ್ಡಲಾಗಿ ನಾಲ್ಕು ಬೆರಳುಗಳಿದ್ದವು. ಒಂದರಲ್ಲಿ ಉಂಗುರ.

"ಇದ ಯಾರ ಕೈರಿ?"

"ನಮ್ಮ ಬಾಳ್ಯಾಂದರಿ." ಬೀರವ್ವ ತಪ್ಪು ಮಾಡಿದವಳಂತೆ ನಕ್ಕಳು. "ಫೋಟೋ ತೆಗಿಯಾಂವ ಕಾಲ ಮ್ಯಾಲ ಭಾರಾ ಹಾಕಿ ನಿಲ್ಲರಿ ಅಂದಾ. ಅಂವಾ ಅತ್ತಾಗ ಹೋದಕೂಡ್ಲೆ ಇಂವಾ ಕುಕ್ಕರಗಾಲಿಲೆ ಕುಂತು ನನ್ನ ಎತ್ತಿ ಹಿಡದಾ. ಸುಮ್ನಿರ ಯವ್ವಾ, ಯಾರಿಗೂ ಹೇಳಬ್ಯಾಡ ಅಂದಾ."

"ಭಾರ ಬಿದ್ದಾಗ ಸಂದಿ ಎಷ್ಟ ಸವದೈತಿ ಅನ್ನೂದ ನೋಡಬೇಕ್ರಿ ಯಜಮಾನ್ತಿ. ಎತ್ತಿ ಹಿಡದ ಕಾಲ ಕಂಪ್ಯೂಟರಿಗೆ ಚೊಲೋನ ಕಾಣತೈತಿ."

ಮತ್ತೆ ಎಕ್ಸ್‌ರೇ ಕೋಣೆ. ಬೀರವ್ವನ ಕೈ ಸೊಸೆಯ ಹೆಗಲಿಗೆ ಬಂತು. ನೀಲಾ ಸರಿದು ನಿಂತಳು.

"ಒಬ್ಬರ ನಿಲ್ಲರಿ ಅತ್ತಿ. ಹತ್ತ ಎಣಸತೇನಿ."

ಬಾಗಿಲಾಚೆಯಿಂದ ಎಣಿಸಿದಳು. ಏಳಕ್ಕೆ ಒಳಗಿನಿಂದ "ಯವ್ವಾ" ಎಂದು ಕೇಳಿಸಿತು. ಎಂಟು, ಒಂಬತ್ತನ್ನು ನೀಲಾ ಒಂದೇ ಉಸಿರಿಗೆ ಮುಗಿಸಿದಳು.

ಈ ಸಲ ಗೆರೆ ಕೆಂಪಾಯಿತು. ಅಳೆಯಲು ಅಂತರವೇ ಇರಲಿಲ್ಲ. ಡಾಕ್ಟರ್ ಆಪರೇಷನ್ನಿಗೆ ದಿನ ಬರೆದರು. ನೀಲಾ ಮನೆಯಿಂದ ತಂದಿದ್ದ ಹಳೆಯ ಫಿಲ್ಮ್ ಇನ್ನು ಬೇಡವೆಂದರು. ನೀಲಾ ಅದನ್ನು ಮಡಚದೆ ಚೀಲದಲ್ಲಿಟ್ಟುಕೊಂಡಳು.

ಆಪರೇಷನ್ ಆಗಿ ಮೂರು ತಿಂಗಳಿಗೆ, ಕೋಲು ಹಿಂದಿರುಗಿಸಲು ನೀಲಾ ಲಗಮಪ್ಪನ ಕಟ್ಟೆಗೆ ಹೋದಳು. ಬೀರವ್ವನೂ ನಡೆದು ಬಂದಳು.

"ಎರಡ ದಿನಕ್ಕಂತ ಒಯ್ದಿದ್ದ ನಿನ್ನ ಗಂಡ," ಲಗಮಪ್ಪ ಕೋಲನ್ನು ತಿರುಗಿಸಿ ನೋಡಿದ. "ತುದಿ ಒಂದೀಟೂ ಸವದಿಲ್ಲಲ್ಲವಾ!"

"ಮುಟ್ಟೇ ಇಲ್ರಿ ಕಾಕಾ."

"ಈಗೂ ಬ್ಯಾಡೇನ ಬೀರವ್ವಕ್ಕಾ?"

"ಬ್ಯಾಡಪ್ಪಾ. ಕಾಲ ಗಟ್ಟಿ ಅದಾವು."

ಆಕೆಯ ಕೈ ನೀಲಾಳ ಹೆಗಲ ಮೇಲೇ ಇತ್ತು.