ಮಗ್ಗದ ಸದ್ದಿನ ಮರೆಯಲ್ಲಿ

ಶಾಂಭವಿಯ ಎರಡೂ ಕಿವಿಗಳಿಂದ ಇಳಿದು, ಗದ್ದದ ಕೆಳಗೆ ಒಂದಾಗಿ, ಅಂಗಿಯ ಜೇಬಿನೊಳಗೆ ಮಾಯವಾಗುತ್ತಿದ್ದ ಆ ಬಿಳಿ ವಾಯರು ಮೊದಮೊದಲು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಮ್ಮ ಓಣಿಯೆಂದರೆ ಬೆಳಗಿನಿಂದ ಮಗ್ಗಗಳ ಸದ್ದು. ಮನೆಯ ಮುಂದಿನ ಅಂಕಣದಲ್ಲೇ ನನ್ನವೂ ಎರಡು ಕರೆಂಟಿನ ಮಗ್ಗಗಳಿದ್ದವು. ಅಂಥ ಗದ್ದಲದ ನಡುವೆ ಬೆಳೆದ ಮಗಳು ಕಿವಿಗೆ ಹಾಡು ತುಂಬಿಕೊಂಡರೆ ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ.

ಕಂಡದ್ದು ಅವಳ ತಾಯಿ ಅನಸೂಯಾಗೆ.

"ಕರದ್ರ ಓ ಅನ್ನಂಗಿಲ್ಲ, ಉಂಡ್ಯೇನು ಅಂದ್ರ ಹೂಂ ಅನ್ನಂಗಿಲ್ಲ. ಕಿವ್ಯಾಗ ಬೂಚು ಜಡಕೊಂಡು ಕುಂತಾಳ ನಿಮ್ಮ ಮಹಾರಾಣಿ," ಎಂದಳು ಒಂದು ದಿನ.

"ಹರೇದ ಹುಡುಗಿ. ಕೇಳಲಿ ಬಿಡು."

"ಹಾಡು ಕೇಳಾವ್ರು ಒಂದೀಟರ ಗುನುಗ್ತಾರ್ರೀ. ಇಕಿ ಗ್ವಾಡಿ ನೋಡಕೋತ ಕುಂದರ್ತಾಳ."

ಆ ಮಾತು ನನ್ನೊಳಗೆ ಮುಳ್ಳಿನಂತೆ ನಿಂತಿತು. ಅದೇ ವಾರ ಸಂತೆಯಲ್ಲಿ ಅವಳ ಶಾಲೆಯ ಹೂಗಾರ ಟೀಚರು ಎದುರಾದರು. ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕ ಕೊಡುವ ಕಪಾಟು ಅವರ ಉಸ್ತುವಾರಿಯಲ್ಲಿತ್ತು.

"ಕೊಟ್ಟ ಕಥಿ ಪುಸ್ತಕ ಎರಡ ದಿನದಾಗ ಓದಿ ಮುಗಿಸಾಕಿ ನಿಮ್ಮ ಮಗಳು. ಶ್ರಾವಣದಿಂದ ಕಪಾಟಿನ ಕಡೆ ಬಂದೇ ಇಲ್ಲ. ಮನ್ಯಾಗ ಆರಾಮದಾಳೇನ್ರಿ?"

"ಆರಾಮದಾಳ್ರಿ ಅಕ್ಕಾರ. ಹಾಡಿನ ಹುಚ್ಚು ಹತ್ತೈತಿ ಅಷ್ಟ."

ನಾನು ನಕ್ಕೆ. ಟೀಚರು ನಗಲಿಲ್ಲ.

ಅಂದಿನಿಂದ ಮನೆಯೊಳಗೆ ಭಯ ಬಂದು ಕುಳಿತಿತು. ಮಗಳು ಬಚ್ಚಲಿಗೆ ಹೋಗಿ ಒಂದಿಷ್ಟು ತಡವಾದರೆ ಅನಸೂಯಾ ಬಾಗಿಲ ಹೊರಗೆ ನಿಂತು ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು. ನಾನು ರಾತ್ರಿ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, ಅವಳ ಹೊದಿಕೆ ಉಸಿರಿಗೆ ಏರಿ ಇಳಿಯುವುದನ್ನು ನೋಡಿ ಬರುತ್ತಿದ್ದೆ. ಯಾವುದಕ್ಕೆ ಹೆದರುತ್ತಿದ್ದೇವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಹಾಡು ಬಂದು ಪುಸ್ತಕ ಹೋಯಿತು, ಹಾಡು ಹೋದರೆ ಪುಸ್ತಕ ಬಂದೀತು. ನಮ್ಮ ಲೆಕ್ಕ ಅಷ್ಟೇ ಸರಳವಾಗಿತ್ತು. ಅನಸೂಯಾ ವಾಯರನ್ನು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿದಳು. ನಾನು ಟೀಚರನ್ನು ಕೇಳಿ ದಪ್ಪನೆಯ ಕಥೆ ಪುಸ್ತಕವೊಂದನ್ನು ತಂದೆ. ಶಾಂಭವಿ ವಾಯರನ್ನು ಹುಡುಕಲಿಲ್ಲ, ಜಗಳ ತೆಗೆಯಲಿಲ್ಲ. ಒಮ್ಮೆ ಮಾತ್ರ ಅವಳ ಬೆರಳುಗಳು ಕೊರಳ ಹತ್ತಿರ ಹೋಗಿ, ಅಲ್ಲಿ ವಾಯರಿಲ್ಲವೆಂದು ತಿಳಿದು, ಮಡಿಲಿಗೆ ಮರಳಿದವು. ಮಾರನೆಯ ದಿನ ಅವಳೇ ಪುಸ್ತಕ ಹಿಡಿದು ಬಂದು ನನ್ನ ಮಗ್ಗದ ಎದುರಿನ ಹಲಗೆಯ ಮೇಲೆ ಕುಳಿತಳು.

"ನೋಡ್ರಿ, ಹೆಂಗ ದಾರಿಗೆ ಬಂದ್ಲು," ಎಂದು ಅನಸೂಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳಿದಳು.

ದನಿಯಿಲ್ಲದೆ ಹೇಳಿದಳು. ಮಗ್ಗದ ಮನೆಗಳಲ್ಲಿ ಅದೊಂದು ರೂಢಿ. ಆ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲ. ತುಟಿ ಆಡಿಸಿದರೆ ಸಾಕು, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಚಹಾ ಬೇಕೆನ್ನುವುದರಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಎಲ್ಲವೂ ಹಾಗೆಯೇ ನಡೆಯುತ್ತದೆ.

ಎರಡು ಮೂರು ದಿನ ನೆಮ್ಮದಿಯಾಗಿದ್ದೆ. ಆಮೇಲೊಂದು ಮಧ್ಯಾಹ್ನ ತಲೆಯೆತ್ತಿದಾಗ ಪುಸ್ತಕದ ಮೇಲೆ ಬಾಗಿದ ಅವಳ ತುಟಿಗಳು ಆಡುತ್ತಿದ್ದವು. ಸಣ್ಣವಳಿದ್ದಾಗ ಹಾಗೆಯೇ ಓದುತ್ತಿದ್ದಳು. ಪ್ರೀತಿಯಿಂದ ನೋಡುತ್ತ ನಿಂತೆ. ರೂಢಿಗೆ ಬಿದ್ದ ಕಣ್ಣು ತನ್ನಷ್ಟಕ್ಕೆ ತಾನೇ ಮಾತು ಹೆಕ್ಕತೊಡಗಿತು.

ಸಾಕಾಗೈತಿ. ಮುಂಜಾನೆ ಏಳೂದ ಬ್ಯಾಡಾಗೈತಿ. ಸಾಕಾಗೈತಿ.

ಅವಳು ಹಾಳೆ ತಿರುವಲಿಲ್ಲ.

ನನ್ನ ಕೈ ತಾನಾಗಿ ಎರಡೂ ಮಗ್ಗಗಳನ್ನು ನಿಲ್ಲಿಸಿತು. "ಏನಂದಿ ಅವ್ವಾ?"

"ಏನಿಲ್ಲಪ್ಪಾ. ಓದಾಕತ್ತಿದ್ದೆ," ಎಂದಳು, ಅಂಗಡಿಯವನಿಗೆ ಉತ್ತರ ಕೊಡುವಂಥ ದನಿಯಲ್ಲಿ. ಪುಸ್ತಕ ಮುಚ್ಚಿ ಏಳಲು ನೋಡಿದಳು.

ಎದ್ದು ಒಳಗೆ ಹೋದರೆ ಮತ್ತೆ ಸಿಗುವುದಿಲ್ಲವೆಂದು ನನಗೆ ಹೇಗೋ ಖಾತ್ರಿಯಾಯಿತು. ಮಗ್ಗದ ಸದ್ದಿನ ಮರೆಯಿದ್ದರೆ ಹೇಳಿಯಾಳು ಅನ್ನಿಸಿತು. ತಿರುಗಿ ಮಗ್ಗ ಚಾಲೂ ಮಾಡಿದೆ, ಒಂದಲ್ಲ, ಎರಡೂ. ಮನೆ ಮತ್ತೆ ಸದ್ದಿನಿಂದ ತುಂಬಿತು. ಅವಳೆದುರು ಕುಕ್ಕರುಗಾಲಲ್ಲಿ ಕುಳಿತು, ತುಟಿಯಲ್ಲಷ್ಟೇ ಕೇಳಿದೆ: "ಏನು ಸಾಕಾಗೈತಿ?"

ಅವಳು ಪುಸ್ತಕವನ್ನು ಹಲಗೆಯ ಮೇಲಿಟ್ಟಳು. ಆಮೇಲೆ ಅವಳ ತುಟಿಗಳು ತೆರೆದವು.

"ಗೊತ್ತಿಲ್ಲ. ಎಲ್ಲಾ. ಒಂದ ಸಾಲು ಹತ್ತು ಸಲ ಓದಿದ್ರೂ ಒಳಗ ಇಳಿಯವಲ್ದು. ಓದಾಕ ಕಸುವು ಬೇಕಪ್ಪಾ, ನನ್ನ ಕಡೆ ಇಲ್ಲ. ಹಾಡಾದ್ರ ನಾ ಏನೂ ಮಾಡಬೇಕಾಗಿಲ್ಲ, ತಾನ ಬರ್ತೈತಿ. ಅದು ಇರೂತನಕ ತಲ್ಯಾಗಿನ ಮಾತು ಕೇಳಸಂಗಿಲ್ಲ."

"ತಲ್ಯಾಗಿಂದು ಏನಂತೈತಿ?"

ಹೇಳಿದಳು. ಅದನ್ನು ನಾನಿಲ್ಲಿ ಬರೆಯಲಾರೆ. ಮಗ್ಗ ನಿಂತದ್ದು ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅನಸೂಯಾಗೂ ಅದು ಕಂಡಿತು. ಸೆರಗಿನಿಂದ ಬಾಯಿ ಒತ್ತಿಕೊಂಡು ಬಂದು ಮಗಳ ಪಕ್ಕ ಹಲಗೆಯ ಮೇಲೆ ಕುಳಿತಳು.

"ನಾಳೆ ದವಾಖಾನಿಗೆ ಹೋಗೂಣು," ಎಂದೆ. "ಮೂವರೂ."

"ಅವ್ವ ಬಂದ್ರ ಡಾಕ್ಟರ್ಗೆ ಮಾತಾಡಾಕ ಬಿಡಂಗಿಲ್ಲ."

"ಬಿಡ್ತೀನಿ," ಎಂದಳು ಅನಸೂಯಾ, ಅವಳೂ ದನಿಯಿಲ್ಲದೆಯೇ. "ಬಾಯಿಗೆ ಬೂಚು ಹಾಕ್ಕೊಂಡು ಕುಂದರ್ತೀನಿ."

ಶಾಂಭವಿಯ ತುಟಿಯ ಒಂದು ತುದಿ ಒಂದಿಷ್ಟು ಅಲುಗಿತು. ಮತ್ತೆ ಹೇಳತೊಡಗಿದಳು.

ನನ್ನ ಬೆನ್ನ ಹಿಂದೆ ಎಳೆಯೊಂದು ಹರಿದದ್ದು ಮಗ್ಗದ ಸದ್ದು ಬದಲಾದದ್ದರಿಂದಲೇ ತಿಳಿಯಿತು. ಆಮೇಲೆ ಇನ್ನೊಂದು. ಎಳೆ ಹರಿದರೆ ನೇಕಾರ ಉಣ್ಣುವ ತಾಟು ಬಿಟ್ಟಾದರೂ ಎದ್ದು ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ನಾನು ಏಳಲಿಲ್ಲ. ಮಗಳು ಹೇಳುತ್ತಲೇ ಇದ್ದಳು, ಮಗ್ಗಗಳು ಓಡುತ್ತಲೇ ಇದ್ದವು, ಮಗ್ಗದ ಮೇಲೆ ನೇಯುತ್ತಿದ್ದ ಸೀರೆಯ ಉದ್ದಕ್ಕೂ ಸೀಳಿನಂಥ ಗೆರೆಗಳು ಒಂದರ ಪಕ್ಕ ಒಂದು ಬೀಳುತ್ತ ಹೋದವು.